ಮಗುವಿಗೆ ಬೇರೆ ಸ್ಟಾರು

ತಂಗಿಯ ಬಾಣಂತನ ಮುಗಿದಿತ್ತು. ಅವಳನ್ನೂ ಹೆಣ್ಣು ಮಗುವನ್ನೂ ಕುಣಿಗಲ್ಲಿಗೆ ಕರೆದೊಯ್ಯಲು ಅವಳ ಅತ್ತೆಯೇ ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ತಂಗಿಯ ಗಂಡನಿಗೆ ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ಅವತ್ತು ರಜೆ ಸಿಕ್ಕಿರಲಿಲ್ಲ. ಹಾಗಾಗಿ ನನ್ನ ಕಾರಿನಲ್ಲೇ ಹೊರಡುವುದೆಂದಾಯಿತು.

ನಾನು ಗುಬ್ಬಿಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ದಿನಾ ಹೈವೇಯಲ್ಲಿ ಹೋಗಿ ಬರುವವಳು. ನಜ್ಜುಗುಜ್ಜಾದ ವಾಹನಗಳನ್ನು ರಸ್ತೆಬದಿಯಲ್ಲಿ ನೋಡಿ ನೋಡಿ, ಕಾರು ಕೊಳ್ಳುವಾಗ ಬಣ್ಣ, ಮೈಲೇಜು ಎಲ್ಲ ಬಿಟ್ಟು ಅಪಘಾತದ ಪರೀಕ್ಷೆಯಲ್ಲಿ ಎಷ್ಟು ಸ್ಟಾರು ಬಂದಿದೆ ಅಂತಲೇ ಕೇಳಿದ್ದೆ. ಶೋರೂಮಿನವನು ಐದಕ್ಕೆ ಐದು ಅಂದ. ಅದನ್ನೇ ನಾನು ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದೆ. ತಂಗಿ ಬಸುರಿಯಾದ ಮೇಲೆ ಒಂದು ಸಂಜೆ ಮೊಬೈಲಿನಲ್ಲಿ ಆ ಪರೀಕ್ಷೆಯ ಬಗ್ಗೆ ಪೂರ್ತಿ ಓದಿದಾಗಲೇ ಗೊತ್ತಾಗಿದ್ದು, ಸ್ಟಾರು ಎರಡು ಬಗೆ. ದೊಡ್ಡವರಿಗೊಂದು, ಮಕ್ಕಳಿಗೊಂದು. ನನ್ನ ಕಾರಿಗೆ ಮಕ್ಕಳ ಲೆಕ್ಕದಲ್ಲಿ ಐದು ಇರಲಿಲ್ಲ. ಇದ್ದಷ್ಟೂ ಮಗುವನ್ನು ಅದರದೇ ಸೀಟಿನಲ್ಲಿ ಬಿಗಿದು ಕೂರಿಸಿದರೆ ಮಾತ್ರ. ಜೊತೆಗೊಂದು ವಿಡಿಯೊ ಇತ್ತು. ಕಾರು ಗೋಡೆಗೆ ಬಡಿಯುತ್ತದೆ, ಒಳಗಿರುವ ಗೊಂಬೆಗಳು ಮುಂದಕ್ಕೆ ಎಗರುತ್ತವೆ. ಪುಟ್ಟ ಗೊಂಬೆಯನ್ನು ನೋಡಲಾಗದೆ ಮೊಬೈಲು ಕೆಳಗಿಟ್ಟೆ. ಮರುದಿನವೇ, ಹಸುಗೂಸನ್ನು ಹಿಂದಕ್ಕೆ ಮುಖ ಮಾಡಿ ಮಲಗಿಸಿ ಬಿಗಿಯುವ ಸೀಟು ತರಿಸಿದೆ.

ಹೊರಡುವ ಹೊತ್ತಿಗೆ ಗೇಟಿನ ಬಳಿ ಅಕ್ಕಪಕ್ಕದ ಹೆಂಗಸರೆಲ್ಲ ನಿಂತಿದ್ದರು. ಆರತಿಯಾಗಿತ್ತು. ತಂಗಿಯ ಅತ್ತೆ ಹಣೆತುಂಬ ವಿಭೂತಿ ಧರಿಸಿ, ಮೊಮ್ಮಗಳನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು, ಮುಂದಿನ ಸೀಟಿನ ಬಾಗಿಲ ಹತ್ತಿರ ಬಂದರು. ಮಗುವನ್ನು ಹಿಂದೆ ಬಿಗಿದಿಟ್ಟಿದ್ದ ಅದರದೇ ಸೀಟಿನಲ್ಲಿ ಮಲಗಿಸಬೇಕೆಂದು ನಾನು ಹೇಳಿದೆ. ಅವರು ಆ ಸೀಟನ್ನೊಮ್ಮೆ ಬಗ್ಗಿ ನೋಡಿದರು. ಮೊದಲ ಸಲ ಮನೆಗೆ ಬರುವ ಮಗುವನ್ನು ಬೆನ್ನು ತಿರುಗಿಸಿ, ಕಟ್ಟಿಹಾಕಿ ಕರೆದುಕೊಂಡು ಹೋಗುವುದುಂಟೇ ಅಂದರು.

"ಮೂರು ಮಕ್ಕಳ್ನ ಮಡಿಲಲ್ಲೇ ಇಟ್ಕೊಂಡು ಓಡಾಡಿದೀನಿ ಕಣಮ್ಮ. ಐದು ಸ್ಟಾರಿನ ಗಾಡಿ ಅಂತ ನೀನೇ ಹೇಳಿದ್ದಲ್ವಾ? ಮತ್ಯಾಕೆ ಭಯ?"

"ಆ ಐದು ಸ್ಟಾರು ಬೆಲ್ಟ್ ಹಾಕ್ಕೊಂಡಿರೋ ದೊಡ್ಡೋರಿಗೆ ಅತ್ತೆ. ಮಗೂಗೆ ಬೇರೆ ಕೊಟ್ಟವ್ರೆ. ಮುಂದೆ ಮಡಿಲಲ್ಲಿ ಕೂತ್ರೆ ಅದಕ್ಕೆ ಒಂದೂ ಇಲ್ಲ."

ಹೊರಡುವ ಗಳಿಗೆಯಲ್ಲಿ ಆಡುವ ಮಾತೇ ಇದು ಎಂಬಂತೆ ಅವರು ನನ್ನ ಮುಖ ನೋಡಿದರು. ಅಮ್ಮ ನನ್ನ ತೋಳು ಹಿಡಿದು ಪಕ್ಕಕ್ಕೆಳೆದು, ಒಂದು ದಿನದ ಮಟ್ಟಿಗೆ ನಿಧಾನವಾಗಿ ಓಡಿಸಿದರಾಯಿತು, ಬೀಗಿತ್ತಿಯ ಮನಸ್ಸು ಮುರಿಯಬೇಡ ಎಂದು ಪಿಸುಗುಟ್ಟಿದಳು. ನಾನು ನಿಧಾನವಾಗಿ ಓಡಿಸಬಹುದು, ಎದುರಿನಿಂದ ಬರುವವರು? ತಂಗಿ ಇನ್ನು ಬಾಳಬೇಕಾದ ಮನೆಯ ಹಿರಿಯರನ್ನು ಹತ್ತು ಜನರೆದುರು ಎದುರು ಹಾಕಿಕೊಳ್ಳುತ್ತಿದ್ದೇನೆ ಎನ್ನುವುದು ಗೊತ್ತಿತ್ತು. ಆದರೂ ಹೇಳಿದೆ: "ಮಗು ಸೀಟಲ್ಲಿ ಮಲಗೋವರ್ಗೂ ನಾನು ಗಾಡಿ ತೆಗೆಯಲ್ಲ."

ಅಲ್ಲಿಯವರೆಗೂ ತಲೆ ತಗ್ಗಿಸಿ ನಿಂತಿದ್ದ ತಂಗಿ ಮುಂದೆ ಬಂದು ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಂಡಳು. ಹಿಂದಿನ ಸೀಟಿನ ಎಡಬದಿಗೆ ಮಲಗಿಸಿ ಪಟ್ಟಿ ಬಿಗಿದಳು. ತಾನು ನಡುವೆ ಕೂತಳು. ಅತ್ತೆ ನನ್ನ ಬೆನ್ನ ಹಿಂದಿನ ಸೀಟಿಗೆ ಹತ್ತಿ ಕಿಟಕಿಯತ್ತ ಮುಖ ತಿರುಗಿಸಿಕೊಂಡರು. ತಂಗಿ ಅವರ ಮೇಲಿಂದ ಕೈ ಚಾಚಿ, ಅವರಿಗೂ ಬೆಲ್ಟ್ ಎಳೆದು ಸಿಕ್ಕಿಸಿದಳು. ಅವರು ಬೇಡವೆನ್ನಲಿಲ್ಲ, ತಿರುಗಿಯೂ ನೋಡಲಿಲ್ಲ. ಅಮ್ಮ ನನ್ನ ಪಕ್ಕದಲ್ಲಿ ಕೂತಳು.

ಗೂಳೂರು ದಾಟಿದೆವು. ಆಮೇಲೆ ಮಗು ಅಳತೊಡಗಿತು. ಕಾರಿನ ಒಳಗೆ ಆ ಅಳು ಎಲ್ಲ ಕಡೆಯಿಂದ ಬಡಿಯುವಂತಿತ್ತು. ಎತ್ತಿಕೊಂಡಿದ್ದರೆ ಸುಮ್ಮನಾಗುತ್ತಿತ್ತು ಎಂದು ಅತ್ತೆ ಕಿಟಕಿಗೇ ಹೇಳಿದರು. ಕನ್ನಡಿಯಲ್ಲಿ ನೋಡಿದೆ. ತಂಗಿಯ ಕೈ ಪಟ್ಟಿಯ ಗುಂಡಿಯ ಮೇಲಿತ್ತು. ಕಣ್ಣಲ್ಲಿ ನೀರು. ತಕ್ಷಣ ಹುಣಸೆಮರದ ನೆರಳಿಗೆ ಗಾಡಿ ನಿಲ್ಲಿಸಿದೆ. ಅವಳು ಹಾಲೂಡಿಸಿ, ಮಗು ನಿದ್ದೆ ಹೋದ ಮೇಲೆ ಮತ್ತೆ ಬಿಗಿದಳು. ಹೊತ್ತು ಮೀರುತ್ತಿದೆ ಎಂದು ಅಮ್ಮ ಗಡಿಯಾರ ನೋಡಿಕೊಂಡಳು. ನನ್ನ ಮೇಲೆ ಎಲ್ಲರಿಗೂ ಸಿಟ್ಟಿತ್ತು.

ಹೆಬ್ಬೂರು ದಾಟಿ ಸ್ವಲ್ಪ ದೂರ ಹೋಗಿದ್ದೆವು. ಎದುರಿನಿಂದ ಬಸ್ಸೊಂದು ಬರುತ್ತಿತ್ತು. ಅದನ್ನು ಹಿಂದಿಕ್ಕಲು ಬೈಕೊಂದು ಸರ್ರನೆ ನನ್ನ ದಾರಿಗೇ ನುಗ್ಗಿತು. ಬೈಕಿನವನ ಮುಖ ನನಗೆ ಈಗಲೂ ನೆನಪಿದೆ, ಅಷ್ಟು ಹತ್ತಿರ. ಬ್ರೇಕ್ ತುಳಿದು ಎಡಕ್ಕೆಳೆದೆ. ಚಕ್ರ ಡಾಂಬರಿನಿಂದ ಕೆಳಗಿಳಿದು ಜಲ್ಲಿಯ ಮೇಲೆ ಜಾರಿತು. ಮುಂದೆ ಮೋರಿಯ ಕಲ್ಲುಕಟ್ಟೆ ಕಂಡಿತು. ಅಷ್ಟೇ.

ಸದ್ದಿಗಿಂತ ಮೊದಲು ವಾಸನೆ ನೆನಪಾಗುತ್ತದೆ, ಪಟಾಕಿ ಹೊಡೆದ ಮೇಲಿನ ವಾಸನೆ. ಬಿಳಿ ಪುಡಿ ಹಾರಾಡುತ್ತಿತ್ತು. ಕಿವಿಯಲ್ಲಿ ಗುಂಯ್‌ಗುಡುವಿಕೆ. ಅದರ ಆಚೆ ಎಲ್ಲಿಂದಲೋ ಮಗುವಿನ ಅಳು. ಹಿಂದೆ ತಿರುಗಲು ನನಗೆ ಧೈರ್ಯ ಬರಲಿಲ್ಲ. "ಅಕ್ಕ, ಪಾಪುಗೇನೂ ಆಗಿಲ್ಲ, ತಿರುಗಿ ನೋಡು," ಎಂದು ತಂಗಿ ಮತ್ತೆ ಮತ್ತೆ ಹೇಳಿದ ಮೇಲೆ ತಿರುಗಿದೆ. ಮಗು ಕಟ್ಟಿದಲ್ಲೇ ಇತ್ತು. ಸಿಟ್ಟಿನಿಂದ ಕೆಂಪಾಗಿ, ಕಾಲು ಝಾಡಿಸುತ್ತಿತ್ತು.

ಎಳನೀರು ಮಾರುತ್ತಿದ್ದವರು ಓಡಿಬಂದರು. ಕಾರಿನ ಮೂತಿಯ ಎಡಭಾಗ ಪೂರ್ತಿ ಒಳಸೇರಿತ್ತು. ಆದರೂ ನಾಲ್ಕೂ ಬಾಗಿಲು ತೆರೆದುಕೊಂಡವು. ಅಮ್ಮನ ಮೊಣಕೈ ತರಚಿತ್ತು. ಅವಳ ಮುಂದೆ ಸಿಡಿದುಬಂದಿದ್ದ ಏರ್‌ಬ್ಯಾಗ್ ಗಾಳಿಯಿಳಿದು ಜೋತುಬಿದ್ದಿತ್ತು, ಅದರ ಮೇಲೆ ಅವಳ ಹಣೆಯ ಕುಂಕುಮ. ಮಡಿಲಲ್ಲಿ ಮಗು ಇದ್ದಿದ್ದರೆ ಅದರ ತಲೆ ಇರುತ್ತಿದ್ದ ಜಾಗ ಅದು. ಅತ್ತೆ ಅದನ್ನೇ ನೋಡುತ್ತ ಎದೆ ಹಿಡಿದು ನಿಂತಿದ್ದರು.

ಕುಣಿಗಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ಅವರ ಪಕ್ಕೆಲುಬೊಂದು ಬಿರುಕು ಬಿಟ್ಟಿರುವುದು ಕಂಡಿತು. ಬೆಲ್ಟ್ ಇರದಿದ್ದರೆ ಇಷ್ಟಕ್ಕೆ ಮುಗಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಅತ್ತೆ ಒಪ್ಪಲಿಲ್ಲ. ಬೆಲ್ಟ್ ಹಾಕಿದ್ದಕ್ಕೇ ಮುರಿಯಿತು ಅಂದರು. ಇವತ್ತಿಗೂ ಹಾಗೇ ಅನ್ನುತ್ತಾರೆ.

ತಂಗಿಯ ಗಂಡ ಶಿಫ್ಟ್ ಬಿಟ್ಟು ಓಡಿಬಂದವನು, ದಾರಿಯಲ್ಲಿ ಕಾರನ್ನು ನೋಡಿಕೊಂಡೇ ಬಂದಿದ್ದ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಕೂತ.

"ನಾನಿದ್ದಿದ್ರೆ ನಮ್ಮಮ್ಮನ ಕೈಗೇ ಕೊಡ್ತಿದ್ದೆ ಅಕ್ಕ," ಅಂದ.

ನನಗೆ ಅಷ್ಟು ಹೊತ್ತೂ ಬಾರದಿದ್ದ ಅಳು ಆಗ ಬಂತು.

ಕಾರು ರಿಪೇರಿಗೆ ಆಗುವಂತಿರಲಿಲ್ಲ. ಎಷ್ಟೋ ವಾರ ಗುಬ್ಬಿಗೆ ಬಸ್ಸಿನಲ್ಲಿ ಹೋಗಿಬಂದೆ. ಬಸ್ಸು ಬ್ರೇಕ್ ಹಾಕಿದಾಗಲೆಲ್ಲ ನನ್ನ ಎಡಗೈ ತಾನಾಗಿ ಪಕ್ಕದವರ ಮುಂದಕ್ಕೆ ಚಾಚುತ್ತಿತ್ತು.

ಮೊನ್ನೆ ತಂಗಿ ಫೋನ್ ಮಾಡಿದ್ದಳು. ಅವರ ಮನೆಯವರೆಲ್ಲ ಯಾರದೋ ಹಳೇ ಜೀಪಿನಲ್ಲಿ ಯಡಿಯೂರಿಗೆ ಹೊರಟಿದ್ದರಂತೆ. ಮಗುವಿನ ಸೀಟು ಕಟ್ಟಲು ಅದರಲ್ಲಿ ಅನುಕೂಲವಿರಲಿಲ್ಲ. ತಂಗಿ ಬಾಯಿ ತೆರೆಯುವ ಮೊದಲೇ ಅತ್ತೆ ಮಗುವನ್ನು ಎತ್ತಿಕೊಂಡು ಒಳಗೆ ಹೋದರಂತೆ. ಯಾಕೆಂದು ಕೇಳಿದ್ದಕ್ಕೆ, ಬಿಸಿಲು ಜಾಸ್ತಿ, ನಾವಿಬ್ಬರೂ ಬರಲ್ಲ ಅಂದರಂತೆ.