ಮಗಳು ಹೇಳದೆ ಬಿಟ್ಟ ಮಾತು

ರಾಯಲ್ಪಾಡಿನ ಕಡೆ ಕನ್ನಡ ಟೀಚರ್ ಆಗಿ ಹೋದ ಮೊದಲ ವರ್ಷಗಳಲ್ಲಿ, ನನಗೆ ತೆಲುಗು ಬರುತ್ತದೆ ಎಂಬುದು ಶಾಲೆಯಲ್ಲಿ ಯಾರಿಗೂ ತಿಳಿಯದಂತೆ ನೋಡಿಕೊಂಡಿದ್ದೆ. ಸುಗಟೂರಿನ ಹತ್ತಿರದ ನಮ್ಮ ಮನೆಯಲ್ಲಿ ಆಡುವುದೇ ತೆಲುಗು. ಕೋಲಾರದಲ್ಲಿ ಬಿ.ಎಡ್. ಓದುವಾಗ ಮೊದಲ ಸಲ ಪಾಠ ಮಾಡಲು ನಿಂತ ದಿನ, ನನ್ನ ಕನ್ನಡದ ರಾಗ ಕೇಳಿ ಜೊತೆಯವರು ನಕ್ಕಿದ್ದರು. ಆ ನಗು ನನ್ನನ್ನು ಬಿಟ್ಟುಹೋಗಲಿಲ್ಲ. ಹೊರಗೆ ಇನ್ನು ಕನ್ನಡ ಬಿಟ್ಟು ಬೇರೆ ಮಾತು ಆಡಬಾರದೆಂದು ನಿಶ್ಚಯಿಸಿದ್ದೆ.

ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಟೊಮ್ಯಾಟೊ ಕೊಯ್ಲಿನ ದಿನಗಳಲ್ಲಿ ವಾರಕ್ಕೆರಡು ದಿನ ಬರುತ್ತಿರಲಿಲ್ಲ. ಕೇಳಿದರೆ ಜ್ವರ ಅನ್ನುತ್ತಿದ್ದಳು. ಬರೆದ ಕನ್ನಡದಲ್ಲಿ ಸಾಲಿಗೆರಡು ತೆಲುಗು ಪದ. ಪೋಷಕರ ಸಭೆಗೆ ತಾಯಿಯನ್ನು ಕರೆದುಕೊಂಡೇ ಬರಬೇಕೆಂದು ನಾನು ಮೂರು ಸಲ ಹೇಳಿ ಕಳಿಸಿದ್ದೆ.

ತಾಯಿ ಬಂದರು. ತೋಟದ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದರೂ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು. ಕನ್ನಡ ಬರುವುದಿಲ್ಲವೆಂದು ಕೈಸನ್ನೆಯಲ್ಲೇ ತಿಳಿಸಿದರು. ನಾನು ಮಗಳನ್ನು ಪಕ್ಕಕ್ಕೆ ನಿಲ್ಲಿಸಿ, "ನಾನು ಹೇಳೋದನ್ನ ಹಂಗೇ ನಿಮ್ಮಮ್ಮಂಗೆ ಹೇಳು" ಅಂದೆ.

ಗೈರುಹಾಜರಿ, ಸುಳ್ಳು ಜ್ವರ, ಮಾಡದ ಹೋಂವರ್ಕ್, ಹಾಳಾದ ಅಕ್ಷರ, ಒಂದೊಂದಾಗಿ ಹೇಳುತ್ತಾ ಹೋದೆ. ಹಿಂದೆ ಬೇರೆ ಪೋಷಕರು ಸಾಲಾಗಿ ಕೂತು ಕೇಳುತ್ತಿದ್ದರು. ಹುಡುಗಿ ಏನನ್ನಾದರೂ ಮರೆಮಾಚುತ್ತಾಳೆಂದು ನಾನು ಕಾದಿದ್ದೆ, ಮರೆಮಾಚಿದರೆ ಗದರುವುದಕ್ಕೂ ಸಿದ್ಧಳಾಗಿದ್ದೆ. ಅವಳು ಒಂದು ಪದವನ್ನೂ ಬಿಡಲಿಲ್ಲ. "ನಾನು ಸುಳ್ಳು ಹೇಳುತ್ತೀನಂತೆ, ನನಗೆ ಓದಿನ ಮೇಲೆ ಮನಸ್ಸಿಲ್ಲವಂತೆ, ಇಂಥವರನ್ನು ಶಾಲೆಗೆ ಕಳಿಸಿ ಏನು ಪ್ರಯೋಜನವಂತೆ" ಎಂದು, ತನ್ನ ಮೇಲಿನ ದೂರನ್ನೆಲ್ಲ ತಾನೇ, ಪಾಠ ಒಪ್ಪಿಸುವ ಹಾಗೆ ತಾಯಿಗೆ ತೆಲುಗಿನಲ್ಲಿ ಹೇಳಿದಳು.

ತಾಯಿ ಎಲ್ಲವನ್ನೂ ಕೇಳಿಸಿಕೊಂಡರು. ಕೊನೆಗೆ ಮೆಲ್ಲಗೆ ಮಗಳಿಗೆ, "ನೀಲೋ ಮಂಚಿದಿ ಏಮನ್ನಾ ಉಂದಾ, ಅಡುಗು" ಅಂದರು. ನಿನ್ನಲ್ಲಿ ಒಳ್ಳೆಯದು ಏನಾದರೂ ಇದೆಯಾ, ಟೀಚರನ್ನು ಕೇಳು, ಅಂತ.

ಹುಡುಗಿ ನನ್ನ ಕಡೆ ತಿರುಗಿದಳು. ಅಲ್ಲಿಯವರೆಗೆ ನಡುಗದಿದ್ದ ದನಿ ಆಗ ನಡುಗಿತು. "ಏನೂ ಇಲ್ಲ ಮಿಸ್. ಸರಿ ಅಂತವ್ರೆ."

ನನ್ನ ಹತ್ತಿರ ಉತ್ತರವಿತ್ತು. ಹಿಂದಿನ ತಿಂಗಳು ಅವಳು ಟೊಮ್ಯಾಟೊ ಆರಿಸುವುದರ ಮೇಲೆ ಒಂದು ಪ್ರಬಂಧ ಬರೆದಿದ್ದಳು. ಹಣ್ಣನ್ನು ಹಿಸುಕದೆ ಬರೀ ಬೆರಳ ತುದಿಯಲ್ಲಿ ಮುಟ್ಟಿ ಅದು ಮದನಪಲ್ಲಿ ಸಂತೆಯವರೆಗೆ ತಡೆಯುತ್ತದೋ ಇಲ್ಲವೋ ಹೇಳುವ ತನ್ನ ತಾಯಿಯ ಬಗ್ಗೆ. ಅದನ್ನು ಎರಡು ಸಲ ಓದಿದ್ದೆ. ಆಮೇಲೆ ತೆಲುಗು ಪದಗಳಿಗೆಲ್ಲ ಕೆಂಪು ಗೆರೆ ಎಳೆದು ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದೆ. ಅದನ್ನು ಹೇಳಬೇಕೆಂದರೆ ಪ್ರಶ್ನೆ ನನಗೆ ಅರ್ಥವಾಯಿತೆಂದು ಒಪ್ಪಿಕೊಳ್ಳಬೇಕಿತ್ತು. ನಾನು ಸಹಿ ಮಾಡುವ ಪುಸ್ತಕವನ್ನು ತಾಯಿಯ ಮುಂದೆ ಸರಿಸಿದೆ.

ಅದಾಗಿ ಎರಡು ತಿಂಗಳಿಗೆ ಶ್ರೀನಿವಾಸಪುರದ ಬಸ್ಸಿನಲ್ಲಿ ಕೂತು ನಮ್ಮಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಮಾತು ಮುಗಿಸಿ ತಲೆಯೆತ್ತಿದರೆ, ಪಕ್ಕದ ಸೀಟಿನಲ್ಲಿ ಆ ತಾಯಿ. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ. ಮೇಡಂಗೆ ತೆಲುಗು ಚೆನ್ನಾಗಿ ಬರುತ್ತದೆ ಎಂದರು. ಸಿಟ್ಟಿರಲಿಲ್ಲ. ಆಮೇಲೆ, ಆವತ್ತು ತಾನು ಕೇಳಿದ್ದು ಅರ್ಥವಾಗಿತ್ತಾ ಎಂದು ಕೇಳಿದರು. ಆಗಿತ್ತು ಎಂದೆ. ಪ್ರಬಂಧದ ವಿಷಯ ತೆಲುಗಿನಲ್ಲೇ, ಅವಸರ ಅವಸರವಾಗಿ ಹೇಳಲು ಹೊರಟೆ.

"ಇಪ್ಪುಡೆಂದುಕು ಮೇಡಂ," ಈಗ್ಯಾಕೆ ಎಂದು ಕೇಳಿ, ಕಿಟಕಿಯ ಕಡೆ ಮುಖ ತಿರುಗಿಸಿದರು.

ಅವರು ಮತ್ತೆ ಯಾವ ಸಭೆಗೂ ಬರಲಿಲ್ಲ. ಹುಡುಗಿಗೆ ವಿಷಯ ತಿಳಿದಿತ್ತೆಂದು ಅವಳ ನೋಟದಲ್ಲೇ ಗೊತ್ತಾಗುತ್ತಿತ್ತು. ಹೋಂವರ್ಕ್ ತಪ್ಪಿಸುವುದನ್ನು ಬಿಟ್ಟಳು. ತೆಲುಗು ಪದ ಒಂದೂ ಇಲ್ಲದ, ತಪ್ಪು ಹುಡುಕಲಾಗದ, ಜೀವವಿಲ್ಲದ ಪ್ರಬಂಧಗಳನ್ನು ಬರೆದಳು. ಅವಕ್ಕೆ ನಾನೇ ಎಂಟು, ಒಂಬತ್ತು ಅಂಕ ಹಾಕಿದೆ. ಹತ್ತನೇ ತರಗತಿ ಒಳ್ಳೆಯ ಅಂಕದಲ್ಲಿ ಪಾಸಾಗಿ ಟಿ.ಸಿ. ತೆಗೆದುಕೊಳ್ಳಲು ಬಂದ ದಿನ ಎಲ್ಲ ಟೀಚರ್‌ಗಳ ಕಾಲಿಗೆ ಬಿದ್ದು, ನನಗೆ ದೂರದಿಂದಲೇ ಕೈ ಮುಗಿದಳು.

ಈಗ ಸಭೆಯ ದಿನ ಪೋಷಕರನ್ನು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತೇನೆ. ಮಗು ಹೊರಗಿರುತ್ತದೆ. ಅವರ ಮನೆಮಾತಿನಲ್ಲೇ, ಮಗುವಿನ ಒಳ್ಳೆಯದನ್ನು ಮೊದಲು ಹೇಳಿ, ಆಮೇಲೆ ಉಳಿದದ್ದು ಹೇಳುತ್ತೇನೆ. ಹೋದ ವರ್ಷ ಮುಳಬಾಗಿಲಿನಲ್ಲಿ ನಡೆದ ತರಬೇತಿಯಲ್ಲಿ ಇದನ್ನೆಲ್ಲ ಹೊಸಬರಿಗೆ ಹೇಳಿಕೊಡಲು ನನ್ನನ್ನೇ ನಿಲ್ಲಿಸಿದರು. ಹೇಳಿದೆ. ಶ್ರದ್ಧೆಯಿಂದ ಬರೆದುಕೊಂಡರು. ಇದನ್ನೆಲ್ಲ ಎಲ್ಲಿ ಕಲಿತಿರಿ ಮೇಡಂ ಎಂದು ಒಬ್ಬಳು ಹೊಸ ಟೀಚರ್ ಕೇಳಿದಳು. ಅನುಭವ ಅಂದೆ. ಅವಳು ಅದನ್ನೂ ಬರೆದುಕೊಂಡಳು.