ಪಾಠಕ್ಕೆ ಹೂಂಗುಟ್ಟಿದವರು

ನಮ್ಮ ಅತ್ತೆ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ನನ್ನ ಮಗಳ ಇಂಗ್ಲಿಷ್ ಪಾಠಗಳನ್ನೆಲ್ಲ ಒಪ್ಪಿಸಿಕೊಳ್ಳುತ್ತಿದ್ದವರು ಅವರೇ. ದೀಪ ಹಚ್ಚುವ ಹೊತ್ತಿಗೆ ಬೆತ್ತದ ಸ್ಟೂಲು ಎಳೆದುಕೊಂಡು ಕೂತು "ಹೇಳವ್ವ" ಅನ್ನುತ್ತಿದ್ದರು. ಮಗಳು ಒಂದು ಸಾಲು ಹೇಳಿದರೆ ಇವರು "ಹೂಂ". ಮತ್ತೊಂದು ಸಾಲು, ಮತ್ತೊಂದು "ಹೂಂ". ಬೀದರ್ ಕಡೆಯ ಅವರ ತವರಿನಲ್ಲಿ ಕಥೆ ಹೇಳುವವರ ಎದುರು ಯಾರಾದರೂ ಹೂಂಗುಟ್ಟಲೇಬೇಕಂತೆ. ಹೂಂ ನಿಂತರೆ ಕಥೆಯೂ ನಿಲ್ಲಬೇಕಂತೆ. ಪಾಠಕ್ಕೂ ಅತ್ತೆ ಅದೇ ಕಾಯಿದೆ ಮಾಡಿದ್ದರು. ಮಗಳು ಒಂದು ಸಾಲು ನುಂಗಿದರೆ ಹೂಂ ಬರುತ್ತಿರಲಿಲ್ಲ. ಆಗ ಅವಳು ಹಿಂದೆ ಹೋಗಿ ಬಿಟ್ಟದ್ದನ್ನು ಹುಡುಕಿ ತರುತ್ತಿದ್ದಳು.

"ನಿಮಗ ಇಂಗ್ಲಿಷ್ ಬರಂಗಿಲ್ಲ. ತಪ್ಪು ಹೆಂಗ ಗೊತ್ತಾಗತೈತ್ರಿ ಅತ್ತಿ?" ಎಂದು ಒಮ್ಮೆ ಕೇಳಿದ್ದೆ.

"ತಪ್ಪಿದಾಗ ಅಕಿ ದನಿ ಓಡತೈತಿ. ನೀ ಸುಮ್ನ ರೊಟ್ಟಿ ಬಡಿ."

ನಾನು ಬಿ.ಕಾಂ. ಓದಿದವಳು, ಆದರೆ ತಾಳ್ಮೆ ಎಂಬುದು ನನ್ನ ಹತ್ತಿರವೂ ಸುಳಿದದ್ದಲ್ಲ. ಮಗು ಉಸಿರು ತೆಗೆದುಕೊಳ್ಳುವುದರೊಳಗೆ ಮುಂದಿನ ಸಾಲು ನಾನೇ ಒದರಿಬಿಡುತ್ತಿದ್ದೆ. ಆಗೆಲ್ಲ ಅತ್ತೆ ನಗುತ್ತಾ ಬಂದು ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿಯುತ್ತಿದ್ದರು. ಆ ಕೈಗೆ ಯಾವಾಗಲೂ ಸಂಜೆಯ ವಿಭೂತಿ ಅಂಟಿರುತ್ತಿತ್ತು.

ಬೇಸಿಗೆ ರಜೆಯಲ್ಲಿ ಅತ್ತೆ ತೀರಿಕೊಂಡರು, ಹೈದರಾಬಾದಿನ ಕುಷಾಯಿಗೂಡದ ನಮ್ಮ ಮನೆಯ ನಡುಕೋಣೆಯ ಮಂಚದ ಮೇಲೆ. ಶಾಲೆ ಶುರುವಾದಾಗ ಮಗಳು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಬರೆಯುವುದೆಲ್ಲ ಚೊಕ್ಕ, ಎದ್ದು ನಿಂತು ಹೇಳೆಂದರೆ ಕಲ್ಲು. ಆಗ ಊರ ಆಚೆ ದಿಕ್ಕಿನಲ್ಲಿ ಗಾಜಿನ ಕಂಪನಿಗಳು ಏಳುತ್ತಿದ್ದ ಕಾಲ. ಹಾಲು ಬಿಟ್ಟ ಮಕ್ಕಳೂ ಇಂಗ್ಲಿಷಿನಲ್ಲಿ ಪಟಪಟ ಮಾತಾಡಬೇಕೆಂಬ ಹುಚ್ಚು ಇಡೀ ಹೈದರಾಬಾದಿಗೆ ಹಿಡಿದಿತ್ತು. ಟೀಚರ್ ನನ್ನನ್ನು ಕರೆಸಿ, "ಬಚ್ಚೀ ಲಿಖ್‌ತೀ ಹೈ, ಬೋಲ್‌ತೀ ನಹೀಂ," ಅಂದರು. ದೊಡ್ಡ ಮೇಡಂ ಎದುರು ಒಂದು ಪಾಠ ಬಾಯಿಬಿಟ್ಟು ಒಪ್ಪಿಸದಿದ್ದರೆ ಹಿಂದಿನ ಕ್ಲಾಸಿಗೇ ಕೂರಿಸುತ್ತಾರಂತೆ. ಮನೆಯಲ್ಲಿ ತಂದೆತಾಯಿ ಜೊತೆಗೆ ಕೂತು ಅಭ್ಯಾಸ ಮಾಡಿಸಬೇಕೆಂದೂ ಹೇಳಿದರು. ಕೂತೆ. ಮಗಳು ಅತ್ತಳು, ನಾನೂ ಅತ್ತೆ, ಪಾಠ ಮಾತ್ರ ಹೊರಗೆ ಬರಲಿಲ್ಲ.

ನನ್ನ ಗಂಡನಿಗೆ ಆಗ ರಾತ್ರಿಪಾಳಿ. ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿದ್ದನ್ನು ಕಿವಿಗೆ ಹಾಕಿಕೊಂಡು ಕೇಳುತ್ತಾ ಟೈಪ್ ಮಾಡುವ ಕೆಲಸ. ಹಗಲೆಲ್ಲ ಅವರ ಅವ್ವನ ಮಂಚದ ಮೇಲೆ ಮುಸುಕು ಹೊದ್ದು ಮಲಗುತ್ತಿದ್ದರು. ಎದ್ದು ಉಂಡರೆಂದರೆ ಕಂಪನಿಯ ಗಾಡಿ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಒಂದು ಸಂಜೆ ಹಿಟ್ಟು ನಾದುತ್ತಿದ್ದೆ. ಮಗಳ ದನಿ ಕೇಳಿಸಿತು. ಮಳೆ ಹೇಗೆ ಬರುತ್ತದೆ ಎಂಬ ಪಾಠವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದಾಳೆ, ನಡುಕೋಣೆಯ ಪರದೆಯ ಎದುರು ನಿಂತು. ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿ ಬಂದವು. ಅಷ್ಟರಲ್ಲಿ ಪರದೆಯ ಒಳಗಿನಿಂದ ಬಂತು: "ಹೂಂ."

ಮೊದಲು ಗಿಡ್ಡ, ಆಮೇಲೆ ಮೂಗಿನಲ್ಲಿ ಸ್ವಲ್ಪ ಎಳೆದದ್ದು. ಅದು ಅತ್ತೆಯ ಹೂಂ.

ಹಿಟ್ಟಿನ ಕೈಯಲ್ಲೇ ಒಳಗೆ ಹೋದೆ. ಗಂಡ ಮುಸುಕು ಹಾಕಿ ಮಲಗಿದ್ದರು. ಚಾದರ ನಿಧಾನವಾಗಿ ಏರುತ್ತಿತ್ತು, ಇಳಿಯುತ್ತಿತ್ತು. ಅದರೊಳಗಿನಿಂದಲೇ ಮತ್ತೆ "ಹೂಂ". ಚಾದರ ಸರಿಸಿದೆ. ಕಣ್ಣು ಗಟ್ಟಿ ಮುಚ್ಚಿವೆ, ಒಳ್ಳೇ ನಿದ್ದೆ. ಹೊರಗೆ ಮಗಳು ಒಂದು ಸಾಲು ಹಾರಿಸಿದಳು. ಹೂಂ ಬರಲಿಲ್ಲ. ಅವಳು ಹಿಂದೆ ಹೋಗಿ ಆ ಸಾಲು ಹೇಳಿದಳು. "ಹೂಂ."

ಅಲುಗಾಡಿಸಿ ಎಬ್ಬಿಸಿದೆ. "ರೀ, ಏನಂದ್ರಿ ಈಗ?"

"ನಾ ಎಲ್ಲಿ ಏನಂದೆ? ಮಲಗಾಕ ಬಿಡು ಮಾರಾಯ್ತಿ." ಮಗ್ಗುಲು ಬದಲಿಸಿ ಗೊಣಗಿದರು, "ಕನಸಿನಾಗ ಅವ್ವ ಬಂದಿದ್ಲು. ಕಾಲಗಡೆ ಕುಂತಿದ್ಲು."

ಮಂಚದ ಕಾಲ್ಗಡೆ ಹಾಸಿಗೆ ತಗ್ಗಾಗಿತ್ತು. ಅವರ ಕಾಲೇ ಮೊದಲು ಅಲ್ಲಿದ್ದಿರಬೇಕು ಅಂದುಕೊಂಡೆ.

ರಾತ್ರಿಯಿಡೀ ಕೇಳುವ ಕೆಲಸ, ನಿದ್ದೆಯಲ್ಲೂ ಕಿವಿ ಎಚ್ಚರವಿರುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಚಿಕ್ಕಂದಿನಲ್ಲಿ ಈ ಹೂಂ ಕೇಳಿಯೇ ಬೆಳೆದವರಲ್ಲವೇ ಅವರು? ಆದರೂ ದಿನಾ ಸಂಜೆ ಅದೇ ನಡೆಯಿತು. ಪಕ್ಕದ ಮನೆಯ ತೆಲುಗಿನವರು "ದಿಷ್ಟಿ ತೀಸೇಯಂಡಿ", ದೃಷ್ಟಿ ತೆಗೆಯಿರಿ, ಅಂದರು. ಗಂಡನಿಗೆ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದೆ. ಮೆಣಸಿನಕಾಯಿ ಸುಟ್ಟು ಕರಕಲಾದರೂ ಒಂದು ಕೆಮ್ಮು ಬರಲಿಲ್ಲ, ಘಾಟೇ ಇಲ್ಲ. ಘಾಟು ಏಳದಿದ್ದರೆ ದೃಷ್ಟಿ ತಾಗಿದೆ ಎಂದೇ ಲೆಕ್ಕ. ಆದರೆ ನಿಲ್ಲಿಸುವುದು ಹೇಗೆ? ಮಗಳ ಬಾಯಿ ತೆರೆಯುತ್ತಿದ್ದುದು ಆ ಪರದೆಯ ಎದುರು ಮಾತ್ರ.

ರಜೆಯ ದಿನ ಗಂಡನನ್ನು ಎಚ್ಚರವಾಗಿಯೇ ಕೂರಿಸಿ ಹೂಂಗುಟ್ಟಿಸಿದೆ. ಮಗಳು ಒಂದೇ ಸಾಲಿಗೆ ಮುಖ ಸಿಂಡರಿಸಿದಳು. "ಪಪ್ಪಾ, ನಿಮ್ಮದು ಬ್ಯಾಡ. ನೀವು ಮಲಗ್ರಿ." ನಾವಿಬ್ಬರೂ ನಕ್ಕೆವು. ಅವಳು ನಗಲಿಲ್ಲ.

ಪಾಠ ಒಪ್ಪಿಸುವ ದಿನ ಬಂತು. ಸಂಜೆ ಶಾಲೆ ಬಿಟ್ಟ ಮೇಲೆ ಬರಹೇಳಿದ್ದರು. ಗಂಡ ಮನೆಯಲ್ಲಿ ಮಲಗಿದ್ದರು. ನಾನು ಹೋಗಿ ಖಾಲಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತೆ. ತಾಯಿ ಇರಬಹುದು, ಒಂದಕ್ಷರವೂ ಹೇಳಿಕೊಡಬಾರದು ಎಂದು ದೊಡ್ಡ ಮೇಡಂ ಮೊದಲೇ ಹೇಳಿದರು. ಮಗಳು ಕಪ್ಪು ಹಲಗೆಯ ಮುಂದೆ ನಿಂತಳು. ತುಟಿ ಅದುರಿದವು, ದನಿ ಇಲ್ಲ. ಮೇಡಂ ಗಡಿಯಾರ ನೋಡಿದರು. ಮುಗಿಯಿತು, ಹೋಯಿತು ನನ್ನ ಮಗಳ ವರ್ಷ ಅಂದುಕೊಂಡೆ. ತಡೆಯಲಾರದೆ ಮೊದಲ ಸಾಲು ಹೇಳಿಬಿಡಲೆಂದೇ ಬಾಯಿ ತೆರೆದೆ.

"ಹೂಂ," ಎಂದಿತು ನನ್ನ ಗಂಟಲು. ಗಿಡ್ಡವಾಗಿ. ಆಮೇಲೆ ಮೂಗಿನಲ್ಲಿ ಎಳೆದು.

ಮಗಳು ತಲೆ ಎತ್ತಿದಳು, ಶುರುಮಾಡಿದಳು. ಸಮುದ್ರ, ಆವಿ, ಮೋಡ. ಸಾಲಿಗೊಂದು ಹೂಂ ನನ್ನಿಂದ ಹೋಗುತ್ತಲೇ ಇತ್ತು. ಬಿಸಿಲಿನ ಸಾಲು ಬಂದಾಗ ಅವಳ ದನಿ ಓಡಿತು, ಸಾಲು ತಪ್ಪಿತು. ಆ ಸಾಲು ನನ್ನ ನಾಲಗೆಯ ತುದಿಯಲ್ಲೇ ಇತ್ತು. ದೇವರಾಣೆ, ಕೂಗಿ ಹೇಳಬೇಕೆಂದಿದ್ದೆ. ಬಾಯಿ ಬಿಡಲಾಗಲಿಲ್ಲ. ತುಟಿಗಳ ಮೇಲೆ ಒಣ ಪುಡಿಯಂಥದ್ದೇನೋ ಅಂಟಿದ ಹಾಗಾಯಿತು, ಉಸಿರಿಗೆ ತಣ್ಣನೆಯ ಬೂದಿಯ ವಾಸನೆ ಬಂತು. ಮಗಳು ಕಾದಳು. ನನ್ನ ಮುಖವನ್ನಲ್ಲ, ಪಕ್ಕದ ಖಾಲಿ ಬೆಂಚನ್ನು ನೋಡಿದಳು. ಹಿಂದೆ ಹೋಗಿ ಬಿಸಿಲಿನ ಸಾಲನ್ನು ಹುಡುಕಿ ತಂದಳು. ಆಮೇಲೆ ಕೊನೆಯವರೆಗೂ ನಿಲ್ಲಲಿಲ್ಲ. ಮೇಡಂ "ಗುಡ್" ಅಂದರು.

ಮನೆಗೆ ಬಂದಾಗ ಗಂಡ ಎದ್ದು ಚಹಾ ಕುಡಿಯುತ್ತಿದ್ದರು. ಪಾಸಾದಳು ಎಂದೆ. ಮಗಳ ಕೆನ್ನೆ ಹಿಂಡಿ ಖುಷಿಪಟ್ಟರು. ಆಮೇಲೆ ಲೋಟ ಕೆಳಗಿಟ್ಟು, "ಇವತ್ತು ಅವ್ವ ಕನಸಿನಾಗ ಬರಲೇ ಇಲ್ಲ ನೋಡು. ದಿನಾ ಬರ್ತಿದ್ಲು. ಎಲ್ಲಿ ಹೋಗಿದ್ಲೋ ಏನೋ," ಅಂದರು.

ಮಗಳು ನೆಲದ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಅಜ್ಜಿ ನಮ್ಮ ಸ್ಕೂಲಿಗೆ ಬಂದಿದ್ಲಲ್ಲ ಪಪ್ಪಾ. ಮಮ್ಮಿ ಬಾಜೂಕ ಕುಂತು, ಮಮ್ಮಿ ಬಾಯಿ ಮುಚ್ಚಿ ಹಿಡಕೊಂಡಿದ್ಲು."