ವಾಯಿ ಘಾಟಿನಲ್ಲಿ ಮೂರು ಕೋಟುಗಳು

ಮೂರನೇ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಆದರೂ ಇಪ್ಪತ್ತೈದು ತುಂಬುವುದರೊಳಗೆ ಪುಣೆಯಲ್ಲಿ ಸ್ವಂತ ಹೊಲಿಗೆ ಅಂಗಡಿ ಹಾಕಿದ್ದೆ. ಅಂಗಿ, ಪಾಯಜಾಮದಲ್ಲಿ ಹೆಸರಾಗಿತ್ತು. ಬೋರ್ಡಿನ ಮೇಲೆ ‘ಕೋಟು’ ಎಂದು ಬರೆಸುವುದೊಂದೇ ಉಳಿದಿತ್ತು. ಅದಕ್ಕೆ ಅಡ್ಡಗಾಲು ಹಾಕಿದವನು ಧಾರವಾಡದ ಗೆಳೆಯ, ಕಚೇರಿಯ ಕಾರಕೂನ.

“ಮೊದಲ ನಮ್ಮ ಮೈಮ್ಯಾಲೆ ನಾಕು ಮಂದಿ ನೋಡ್ಲಿ. ಆಮ್ಯಾಲೆ ಬರಸು.”

ಹಟಕ್ಕೆ ಮೂರು ಕೋಟು ಹೊಲಿದೆ. ಅವನಿಗೊಂದು, ಕಿರಾಣಿ ಅಂಗಡಿಯ ಬಾಗಲಕೋಟೆ ಗೆಳೆಯನಿಗೊಂದು, ನನಗೊಂದು. ಒಂದೇ ತಾನಿನ ಗಾಢ ನೀಲಿ ಬಟ್ಟೆ, ಕಾಲರಿಗೆ ಕೆಂಪು ಅಂಚು, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಅಂಥ ಗುಂಡಿ ಪುಣೆಯ ದಂಡಿನ ಕ್ಯಾಂಪಿನಲ್ಲಿ ಒಬ್ಬ ಸಾಹೇಬನ ಎದೆಯ ಮೇಲೆ ನೋಡಿದ್ದೆ. ಎಂಥ ಸಾಹೇಬ ಎಂದು ವಿಚಾರಿಸಿರಲಿಲ್ಲ.

ವೈಶಾಖದ ಒಂದು ರವಿವಾರ ಸರ್ವಿಸ್ ಮೋಟಾರು ಹತ್ತಿ ವಾಯಿಗೆ ಹೊರಟೆವು. ಖಂಬಾಟಕಿ ಘಾಟಿನ ಏರಿನಲ್ಲಿ ಎಂಜಿನ್ ಕಾಯ್ದು ಮೋಟಾರು ನಿಂತಿತು. ಎಲ್ಲರೂ ಇಳಿದು ಅಂಗಿ ಬಿಚ್ಚಿ ಗಾಳಿ ಹಾಕಿಕೊಂಡರು. ಇವರಿಬ್ಬರಿಗೆ ನಾನು ಬಿಚ್ಚಗೊಡಲಿಲ್ಲ.

“ಮಂದಿ ನೋಡ್ಲಿ ತಡಿ.”

“ಹೆಣಾ ನೋಡ್ತಾರ,” ಅಂದ ಕಾರಕೂನ.

ವಾಯಿಯಲ್ಲಿ ದೊಡ್ಡ ಗಣಪತಿಗೆ ಕೈಮುಗಿದು ಹೊಳೆಯ ಘಾಟಿನ ಕೊನೆಯ ಮೆಟ್ಟಿಲಲ್ಲಿ ಕೂತೆವು. ಕಿರಾಣಿ ಗೆಳೆಯ ಕೃಷ್ಣೆಯಲ್ಲಿ ಕಾಲು ಇಳಿಬಿಟ್ಟು, “ನಮ್ಮ ಕಡೆ ಹೊಂಟ ನೀರು. ಟಿಕೀಟಿಲ್ಲ, ಏನಿಲ್ಲ,” ಎಂದು ನಿಟ್ಟುಸಿರುಬಿಟ್ಟ.

ಅಷ್ಟರಲ್ಲಿ ಕೆಂಪು ಮುಂಡಾಸಿನ ಹಿರಿಯರೊಬ್ಬರು ದಡದಡ ಇಳಿದು ಬಂದು ಮರಾಠಿಯಲ್ಲಿ ಗದರಿದರು: ವರ ಕುದುರೆ ಹತ್ತಿ ಎಷ್ಟೊತ್ತಾಯಿತು, ನೀವಿಲ್ಲಿ ಕಾಲು ತೊಳೆಯುತ್ತ ಕೂತಿದ್ದೀರಾ? ವಾದ್ಯ ಎಲ್ಲಿ?

ಕಾರಕೂನ ನನ್ನ ಗುಂಡಿ ನೋಡಿದ, ತನ್ನ ಗುಂಡಿ ನೋಡಿಕೊಂಡ.

“ಮಾಸ್ತರ, ಕ್ಯಾಂಪಿನ್ಯಾಗ ನೀವು ನೋಡಿದ ಸಾಹೇಬ ತುತ್ತೂರಿ ಊದ್ತಿದ್ನೇನ್ರಿ?”

ಕಿರಾಣಿಯವನು ನಕ್ಕು ನಕ್ಕು ಹೊಳೆಗೆ ಬೀಳುವುದೊಂದು ಬಾಕಿ. ತಮ್ಮ ತಪ್ಪು ಅರಿವಾಗಿ ಹಿರಿಯರು ಕೈಮುಗಿದರು. ಬೋರ್ಡಿನ ಮಾತು ಮುಗಿಯಿತೆಂದು ನಾನೇ ಕೋಟು ಬಿಚ್ಚತೊಡಗಿದೆ.

ಆಗ ನಿಜವಾದ ಬ್ಯಾಂಡಿನವರು ಏದುಸಿರು ಬಿಡುತ್ತ ಬಂದರು. ಅವರ ಮುಖ್ಯಸ್ಥ ನಮ್ಮ ಮುಖ ನೋಡಲಿಲ್ಲ, ಕೋಟು ನೋಡಿದ. ಯಾರು ಹೊಲಿದದ್ದು? ಇಂಥವು ಎಂಟು ಬೇಕು, ಅಂದ.

ನಾನು ಸಾಹೇಬರಿಗೆ ಹೊಲಿಯುವವನು ಅನ್ನಬೇಕೆಂದು ಬಾಯಿ ತೆರೆದೆ. ಆದರೆ ಅಷ್ಟೂ ಜನರ ಕೋಟು ಕಂಕುಳಲ್ಲೇ ಹರಿದದ್ದು ಕಣ್ಣಿಗೆ ಬಿತ್ತು. ಯಾವನೋ ದರ್ಜಿ ಕೈ ಇಳಿಬಿಡಿಸಿ ನಿಲ್ಲಿಸಿ ಅಳತೆ ತೆಗೆದಿದ್ದ. ಡೋಲು ಬಾರಿಸುವವನು ಕೈ ಇಳಿಬಿಟ್ಟು ನಿಲ್ಲುತ್ತಾನೆಯೇ? ನಾನೇ ಹೊಲಿದುಕೊಡುತ್ತೇನೆ ಅಂದುಬಿಟ್ಟೆ.

ಅಕ್ಷತೆ ಬಿದ್ದ ಮೇಲೆ ಅದೇ ಮೆಟ್ಟಿಲ ಮೇಲೆ ಎಂಟೂ ಜನರನ್ನು ನಿಲ್ಲಿಸಿ, ಬಾರಿಸಿರಿ, ಊದಿರಿ ಎಂದು ಮರಾಠಿಯಲ್ಲಿ ಹೇಳಿದೆ. ಅವರು ಬಾರಿಸುತ್ತಿದ್ದಂತೆಯೇ ಜೇಬಿನ ಟೇಪು ತೆಗೆದು ಅಳತೆ ಹಿಡಿದೆ. ನಾನು ಕೂಗಿದ ಅಳತೆಯನ್ನು ಕಾರಕೂನ ಕೂತು ಬರೆದುಕೊಂಡ. ಮೆಟ್ರಿಕ್ ಕಲಿತವನು ನನ್ನ ಕೈಕೆಳಗೆ ದುಡಿದದ್ದು ಅದೊಂದೇ ದಿನ.

ತಿರುಗಿ ಬರುವಾಗ ಮೋಟಾರಿನಲ್ಲಿ ಅವನೇ ಬಾಯಿಬಿಟ್ಟ. “ಬೋರ್ಡ್ ಬರಸು ಮಾರಾಯಾ. ನನ್ನ ಗುಂಡಿ ಅಷ್ಟು ಬದಲ ಮಾಡು.”

ಬೋರ್ಡು ಬರೆಸಿದೆ. ಗುಂಡಿ ಬದಲಿಸಲಿಲ್ಲ.